ಎರಡು ಒಲೆಯ ಕಲ್ಯಾಣಪ್ಪ

ಒಂದೇ ಜಾತಿಯ ಸಾಮಾನು ಒಂದೇ ಕಪಾಟಿನಲ್ಲಿರಬೇಕು ಎಂಬುದು ಉಗ್ರಾಣದ ಉಸ್ಮಾನಸಾಬರ ನಿಯಮ. ಹಾಗಾಗಿ ಸೊಲ್ಲಾಪುರದಿಂದ ಹೊಸ ಕಂಪೈಲರಿನ ಫ್ಲಾಪಿಗಳು ಬಂದ ಬೆಳಿಗ್ಗೆ, ಕಂಪ್ಯೂಟರ್ ನೋಡಿಕೊಳ್ಳುವ ಕಲ್ಯಾಣಪ್ಪ ಚಹಾ ಕುಡಿದು ಬರುವುದರೊಳಗೆ, ಯಂತ್ರದೊಳಗೆ ಹಳೆಯ ಕಂಪೈಲರ್ ಇದ್ದ ಜಾಗದಲ್ಲೇ ಹೊಸದನ್ನೂ ತುಂಬಿ ಉಪಕಾರ ಮಾಡಿಟ್ಟಿದ್ದರು.

ಕಂಪೈಲರ್ ಎಂದರೆ ಮನುಷ್ಯ ಬರೆದದ್ದನ್ನು ಯಂತ್ರಕ್ಕೆ ತಿಳಿಸಿ ಹೇಳುವ ದುಭಾಷಿ. ಆಳಂದದ ತೊಗರಿ ಬೆಳೆಗಾರರ ಸಂಘಕ್ಕೆ ಇಬ್ಬರೂ ದುಭಾಷಿಗಳು ಬೇಕಿದ್ದರು. ಬೀಜದ ಪಟ್ಟಿ ತಯಾರಿಸುವ ಪ್ರೋಗ್ರಾಮ್ ಹಳೆಯದಕ್ಕಷ್ಟೇ ಬಗ್ಗುತ್ತಿತ್ತು, ಅದನ್ನು ಕನ್ನಡದಲ್ಲಿ ಮುದ್ರಿಸುವ ಪ್ರೋಗ್ರಾಮ್ ಹೊಸದಕ್ಕಷ್ಟೇ. ಈ ವರ್ಷ ಹೊಸ ತಳಿ ಬಂದಿದ್ದರಿಂದ ಎರಡನ್ನೂ ತಿದ್ದಿ ಮತ್ತೆ ಕಟ್ಟಬೇಕಿತ್ತು. ನಾಲ್ಕಕ್ಕೆ ಬೀಜ ಹಂಚಿಕೆ. ಖಜೂರಿಯ ರೈತರು ಆಗಲೇ ಅಂಗಳದಲ್ಲಿ ಕೂತಿದ್ದರು.

"ಇವತ್ತ ಪಟ್ಟಿ ಕೊಡು, ನಾಳೆ ಜೇವರ್ಗಿ ಶಾಖೆಗೆ ವರ್ಗಾವಣೆ ತಗೋ," ಎಂದಿದ್ದರು ಮ್ಯಾನೇಜರ್ ಹಣಮಂತರಾಯರು. ಜೇವರ್ಗಿಯ ಪಕ್ಕದ ನೆಲೋಗಿಯಲ್ಲಿ ಕಲ್ಯಾಣಪ್ಪನ ಹೆಂಡತಿ, ಮೂರು ತಿಂಗಳ ಕೂಸು. ಆ ಕೂಸಿಗೆ ಅಪ್ಪನೆಂದರೆ ಹದಿನೈದು ದಿನಕ್ಕೊಮ್ಮೆ ಬಂದು ಹೋಗುವ ನೆಂಟ.

ಕಲ್ಯಾಣಪ್ಪ ಗುಂಡಿ ಒತ್ತಿದ. ತೆರೆಯ ಮೇಲೆ ಇನ್ನೂರ ಹದಿನಾಲ್ಕು ತಪ್ಪುಗಳು ಸಾಲುಗಟ್ಟಿದವು.

"ಎರಡೂ ಕಲಸಿ ಬಿಟ್ಟೀರಲ್ರಿ, ಸಾಬರ!"

"ಮತ್ತ ಒಂದ ಮಾಲಿಗಿ ಎರಡು ಕಪಾಟ ಯಾಕ್ರಿ?" ಎಂದರು ಉಸ್ಮಾನಸಾಬರು, ಬೇಸರದಿಂದ.

ಹಣಮಂತರಾಯರು ಯಂತ್ರವನ್ನು ಆರಿಸಿ ಹಚ್ಚಿ ನೋಡಿದರು. ಯಾರೋ ಅದಕ್ಕೆ ನಿಂಬೆಹಣ್ಣು ನಿವಾಳಿಸಿದರು. ತಪ್ಪು ಒಂದೂ ಕಡಿಮೆಯಾಗಲಿಲ್ಲ. ಎರಡು ಗಂಟೆ ಹೊಡೆಯಿತು.

ಟೈಪಿಸ್ಟ್ ಶಾರದಾಬಾಯಿ ಬುತ್ತಿ ಬಿಚ್ಚುತ್ತ ಹೇಳಿದರು: "ನಮ್ಮತ್ತಿ ನಾನು ಒಂದ ಒಲಿ ಮ್ಯಾಲ ಅಡಗಿ ಮಾಡಿದ್ದು ಮೂರ ದಿನ ನೋಡ್ರಿ. ನಾಲ್ಕನೇ ದಿನ ಎರಡು ಒಲಿ ಹೂಡಿದ್ವಿ. ಈಗ ಆಕಿ ಮಾಡಿದ ಪಲ್ಯ ನಾ ಉಣ್ತೀನಿ."

ಕಲ್ಯಾಣಪ್ಪ ಕುರ್ಚಿಯಿಂದ ಜಿಗಿದ! ಎಲ್ಲವನ್ನೂ ಅಳಿಸಿದ. ಹಳೆಯದಕ್ಕೊಂದು ಕೋಣೆ, ಹೊಸದಕ್ಕೊಂದು ಕೋಣೆ ಮಾಡಿ ಫ್ಲಾಪಿಗಳಿಂದ ಮತ್ತೆ ತುಂಬಿದ. ಒಂದನ್ನು ಕರೆದಾಗ ಇನ್ನೊಂದು ಓಗೊಡದಂತೆ ದಾರಿ ಬರೆದಿಟ್ಟ. ಹಳೆಯದರಿಂದ ಪಟ್ಟಿಯ ಪ್ರೋಗ್ರಾಮ್ ಕಟ್ಟಿದ, ಹೊಸದರಿಂದ ಮುದ್ರಣದ್ದು. ನಾಲ್ಕಕ್ಕೆ ಐದು ನಿಮಿಷವಿರುವಾಗ ಪ್ರಿಂಟರ್ ಕಿರ್ರೆಂದು ಮೊದಲ ರೈತನ ಹೆಸರನ್ನು ಅಚ್ಚ ಕನ್ನಡದಲ್ಲಿ ಹೊರಹಾಕಿತು. ಅಂಗಳದಲ್ಲಿ ಶಿಳ್ಳೆ, ಚಪ್ಪಾಳೆ. ಖಜೂರಿಯವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಷ್ಟು ಖುಷಿ ಅವನಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಅವನು ಟ್ರಂಕು ಕಟ್ಟಿಕೊಂಡೇ ಆಫೀಸಿಗೆ ಬಂದ. ಬಾಗಿಲಲ್ಲೊಂದು ಟೆಂಪೊ ನಿಂತಿತ್ತು. ಹಣಮಂತರಾಯರು ಹಾರ ಹಾಕಿ ಅಪ್ಪಿಕೊಂಡರು.

"ವರ್ಗಾವಣೆ ಆಗ್ಯಾದೇನ್ರಿ, ಸಾಹೇಬರ?"

"ಆಗ್ಯಾದಪಾ! ನಿನ್ನಂಥವ್ನ ಕಳಿಸಿ ನಾ ಏನ್ ಮಾಡ್ಲಿ? ಅದಕ್ಕ ಜೇವರ್ಗಿ ಶಾಖಾದ ಕಂಪ್ಯೂಟರೇ ಇಲ್ಲಿಗಿ ವರ್ಗಾ ಮಾಡಿಸೀನಿ. ಅದರಾಗ ಮೂರನೇ ಕಂಪೈಲರ್ ಅದ ಅಂತ. ಇಳಿಸ್ಕೋ!"