ಕಾರಿಡಾರಿನ ತರಬೇತಿ

ಮರೆವಿನ ಕಾಯಿಲೆ ಈಗಷ್ಟೇ ಶುರುವಾದವರಿಗಾಗಿ ನಮ್ಮ ಊರಿನ ಸ್ಮೃತಿ ಪುನಶ್ಚೇತನ ಕೇಂದ್ರದಲ್ಲಿ ಆರು ಕುರ್ಚಿಗಳಿವೆ. ಅರ್ಜಿ ಹಾಕಿದವರು ನಾನೂರು ಜನ. ಕಾಯಿಲೆ ಕೈಮೀರಿದವರಿಗೆ ಅಲ್ಲಿ ಪ್ರವೇಶವಿಲ್ಲ. ಸರದಿ ಬರಲು ಎರಡು ವರ್ಷ ಹಿಡಿಯುವುದರಿಂದ ನೂಕುನುಗ್ಗಲು ತಾನಾಗಿಯೇ ಕಡಿಮೆಯಾಗುತ್ತದೆ.

ನನ್ನ ಅತ್ತೆ ಒಂದು ದರ್ಜಿ ಅಂಗಡಿಯಲ್ಲಿ ಬಟ್ಟೆ ಹೊಲಿಯುವವರು. ನಲವತ್ತು ವರ್ಷ ಊರಿನವರ ಅಳತೆಯನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡವರು. ಈಚೆಗೆ ಒಬ್ಬರ ಬಟ್ಟೆಯನ್ನು ಇನ್ನೊಬ್ಬರ ಅಳತೆಗೆ ಕತ್ತರಿಸತೊಡಗಿದ್ದರು. "ಇನ್ನೊಂದು ಸಲ ಹೀಗಾದ್ರೆ ಮನೇಲೇ ಇದ್ದುಬಿಡಿ ಅಮ್ಮ" ಎಂದು ಅಂಗಡಿಯವನು ಹೇಳಿಬಿಟ್ಟಿದ್ದ. ಕೆಲಸ ಉಳಿಯಬೇಕೆಂದರೆ ಕೇಂದ್ರವೇ ಗತಿ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಾನೂ ಜೊತೆಗೆ ಹೋಗುತ್ತಿದ್ದೆ.

ಪ್ರತಿ ಮಂಗಳವಾರ ಸಾಲಿನಲ್ಲಿ ನಿಂತು ಹೆಸರು ಉಳಿಸಿಕೊಳ್ಳಬೇಕು. ಚೀಟಿ ಕೊಟ್ಟರೆ ಕಳೆಯುತ್ತಾರೆಂದು ಗುಮಾಸ್ತ ಸಂಖ್ಯೆಯನ್ನು ಕಿವಿಯಲ್ಲಿ ಹೇಳುವ ಪದ್ಧತಿ ತಂದಿದ್ದ. ಮರೆತವರು ಸಾಲಿನ ಕೊನೆಗೆ. ಹಾಗಾಗಿ ಕಾರಿಡಾರಿನ ತುಂಬ ಅಜ್ಜ ಅಜ್ಜಿಯರು ತಮ್ಮ ತಮ್ಮ ಸಂಖ್ಯೆ ಗೊಣಗುತ್ತ ನಿಂತಿರುತ್ತಿದ್ದರು. ನಡುವೆ ಬಾಯಿ ತಪ್ಪಿ "ಊಟ ಆಯ್ತಾ?" ಎಂದರೆ ಬೈಗುಳ ಗ್ಯಾರಂಟಿ.

ಒಂದು ಮಂಗಳವಾರ ಮೇಲಧಿಕಾರಿ ತಪಾಸಣೆಗೆ ಬಂದರು. ಕಾರಿಡಾರ್ ನೋಡಿ ಅವರ ಕಣ್ಣು ತುಂಬಿತು.

"ಎಂಥಾ ಶಿಸ್ತಿನ ತರಬೇತಿ! ಎಷ್ಟು ಜನ?"

"ನಿಂತಿರೋರು ನಾನೂರು, ಸಾರ್" ಎಂದ ಗುಮಾಸ್ತ.

"ಒಳಗೆ?"

"ಆರು."

"ಹಾಗಾದ್ರೆ ಒಳಗಿಂದು ಯಾಕ್ರೀ ಬೇಕು?"

ಒಳಗಿದ್ದ ಶಿಕ್ಷಕಿ ಹೊರಗೆ ಬಂದಳು. "ಸಾರ್, ಒಳಗೆ ಅವರವರ ಕೆಲಸಕ್ಕೆ ಬೇಕಾದ್ದು ಹೇಳಿಕೊಡ್ತೀವಿ. ಬಟ್ಟೆಗೆ ಅಳತೆಚೀಟಿ ಚುಚ್ಚೋದು, ಒಲೆ ಪಕ್ಕ ಗಂಟೆ ಇಡೋದು..."

"ಚೀಟಿ ನೋಡೋದು ಕಾಪಿ ಹೊಡೆದ ಹಾಗಾಗಲಿಲ್ವಾ?"

ಮರುದಿನ ಪ್ರಕಟಣೆ ಹೊರಬಿತ್ತು: "ಸೌಲಭ್ಯವನ್ನು ಆರು ಜನರಿಂದ ನಾನೂರು ಜನರಿಗೆ ವಿಸ್ತರಿಸಲಾಗಿದೆ. ಸಾಲಿನಲ್ಲಿ ನಿಲ್ಲುವುದನ್ನೇ ತರಬೇತಿಯೆಂದು ಪರಿಗಣಿಸತಕ್ಕದ್ದು. ನಿಲ್ಲಲಾಗದವರು ಸಾಲಿನಲ್ಲಿ ನಿಂತು ಮನವಿ ಸಲ್ಲಿಸಬಹುದು." ಆರು ಕುರ್ಚಿಗಳು ಮೇಲಧಿಕಾರಿಯ ಕೋಣೆ ಸೇರಿದವು. ಶಿಕ್ಷಕಿಗೆ ಸಾಲು ನೆಟ್ಟಗೆ ಮಾಡುವ ಕೆಲಸ ಸಿಕ್ಕಿತು.

ಮೂರೇ ವಾರಕ್ಕೆ ಅತ್ತೆ ಗುಣಮುಖರಾದರೆಂದು ಪ್ರಮಾಣಪತ್ರ ಬಂತು. ಅಂಗಡಿಯವನು ಅದನ್ನು ಗೋಡೆಗೆ ಹಾಕಿದ. ವಿಸ್ತರಣಾ ಸಮಾರಂಭಕ್ಕೆ ಮೇಲಧಿಕಾರಿ ತಮ್ಮ ಕೋಟನ್ನು ಅತ್ತೆಯ ಕೈಲೇ ಹೊಲಿಸಿದರು. ಅತ್ತೆ ಯಾವನೋ ಕುಳ್ಳನ ಅಳತೆಗೆ ಕತ್ತರಿಸಿದ್ದರು. ತೋಳು ಮೊಣಕೈಗೇ ಮುಗಿಯಿತು. ಗುಂಡಿಗೂ ಕಾಜಕ್ಕೂ ಒಂದು ಗೇಣು ದೂರ. ಕೋಟು ತಪ್ಪೆಂದರೆ ಪ್ರಮಾಣಪತ್ರ ತಪ್ಪಾಗುತ್ತದೆ, ಅದಕ್ಕೆ ಸಹಿ ಹಾಕಿದವರು ಅವರೇ. ಆದ್ದರಿಂದ ಹಾಗೇ ತೊಟ್ಟು ಭಾಷಣ ಮಾಡಿದರು. "ಗಾಳಿ ಚೆನ್ನಾಗಿ ಆಡುತ್ತೆ" ಎಂದೂ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು.

ಮರುವಾರ ಕೇಂದ್ರದ ಸಿಬ್ಬಂದಿಯೆಲ್ಲ ಅದೇ ನಮೂನೆಯ ಕೋಟು ಬೇಕೆಂದು ಅಂಗಡಿಗೆ ಬಂದರು. ಅತ್ತೆ ಬಟ್ಟೆ ಹರಡಿಕೊಂಡು ಕತ್ತರಿಯನ್ನು ಪಕ್ಕಕ್ಕಿಟ್ಟರು.

"ಯಾಕತ್ತೆ?"

"ಆ ತಪ್ಪು ಹೇಗೆ ಮಾಡಿದ್ದೆ ಅಂತ ನೆನಪಾಗ್ತಿಲ್ಲ ಕಣೇ. ಸರಿಯಾಗಿ ಕತ್ತರಿಸಿದ್ರೆ ಕೆಲಸ ಹೋಗುತ್ತೆ."

ಅಂಗಡಿಯವನಿಗೂ ಅದು ನ್ಯಾಯವೆನಿಸಿತು. ಮತ್ತೆ ಕೇಂದ್ರಕ್ಕೆ ಕಳಿಸಿದ. ಗುಮಾಸ್ತ ಪೂರ್ತಿ ಕೇಳಿಸಿಕೊಂಡು, ತಲೆ ಎತ್ತದೆ ಎಡಕ್ಕೆ ಕೈ ತೋರಿಸಿದ.

"ತಪ್ಪು ಮರೆತವರದ್ದು ಬೇರೆ ಸಾಲು, ಅಮ್ಮ."

ಹೋಗಿ ನಿಂತೆವು. ನಮಗಿಂತ ಮುಂದೆ ಮೂವತ್ತು ಜನ ಇದ್ದರು.