ಶೇಂಗಾ ಎತ್ತಿದ ಫೋನು

ಮೊಮ್ಮಕ್ಕಳೇ, ನಿಮ್ಮ ಆಯಿ ಬೆಟಗೇರಿಯಿಂದ ಹಮ್ಮಿಗಿಗೆ ಒಬ್ಬಳೇ ಬಸ್ಸಿನಲ್ಲಿ ಹೋದವಳು! ಮಂದಿಯ ಮುಂದೆ ಬಾಯಿ ಬಿಡಲು ನಾಚುವವಳು ನಾನು. ಅದಕ್ಕೇ ಬರೆದು ತಿಳಿಸುತ್ತಿದ್ದೇನೆ.

ಹಮ್ಮಿಗಿಯಲ್ಲಿ ನನ್ನ ತಂಗಿ ಕಾಲು ಮುರಿದುಕೊಂಡು ಮಲಗಿದ್ದಳು. ನೋಡಲು ಹೊರಟರೆ ನನ್ನ ಮಗ, ಅಂದರೆ ನಿಮ್ಮಪ್ಪ, ಬಿಡಲೊಲ್ಲ.

"ಲಕ್ವಾ ಹೊಡದ ಮ್ಯಾಲೆ ನಿನಗ ಫೋನ್ ಎತ್ತಾಕ ಬರೂದಿಲ್ಲ. ದಾರ್ಯಾಗ ಏನರ ಆದ್ರ?"

ಮಾತು ಖರೆ. ಎಡಗೈಗೆ ಸ್ಮಾರ್ಟ್‌ವಾಚು ಕಟ್ಟಿದ್ದರೂ ಪಾರ್ಶ್ವವಾಯು ಬಡಿದ ಬಲಗೈ ಬೆರಳು ನಡುಗಿ, ಹಸಿರು ಗುಂಡಿ ಒತ್ತಹೋದರೆ ಕೆಂಪಿನ ಮೇಲೇ ಬೀಳುತ್ತಿತ್ತು.

ನಿಮ್ಮಲ್ಲಿ ಹಿರಿಯಳಾದ ಪೂಜಾ ವಾಚಿನೊಳಗೆ ಏನೋ ಬದಲಿಸಿದಳು. "ಆಯೀ, ಇನ್ನ ಮುಟ್ಟೂದ ಬ್ಯಾಡ. ಎಡಗೈ ಮುಷ್ಟಿ ಎರಡು ಸಲ ಗಟ್ಟಿ ಹಿಡಿ, ಫೋನ್ ಎತ್ತತೈತಿ. ಮತ್ತ ಎರಡು ಸಲ ಹಿಡಿ, ಇಡತೈತಿ."

ಮನೆಯಲ್ಲಿ ಪರೀಕ್ಷೆ ನಡೆಯಿತು. ನಾನು ಉತ್ತೀರ್ಣಳಾದೆ! ಅಪ್ಪಣೆ ಸಿಕ್ಕಿತು.

ಹಮ್ಮಿಗಿ ದಾರಿಯ ಮುಂಡರಗಿ ಬಸ್ಸಿನಲ್ಲಿ ಪಕ್ಕದಾಕೆ ನನ್ನ ಉಡಿಗೆ ಶೇಂಗಾ ಸುರಿದಳು. "ತಿನ್ರೀ ಯವ್ವಾ, ನಮ್ಮ ಹೊಲದಾವು." ಬಲಗೈಯಿಂದ ಸುಲಿಯಲಾಗದು. ಎಡಮುಷ್ಟಿಯಲ್ಲೇ ಹಿಚುಕಿದೆ. ಒಂದು ಕಾಯಿಗೆ ಎರಡು ಹಿಚುಕು!

ಅದೇ ಹೊತ್ತಿಗೆ ನಿಮ್ಮಪ್ಪ ಫೋನು ಮಾಡಿದ್ದನಂತೆ. ಬಸ್ಸೇ ಗಡಗಡ ನಡುಗುವಾಗ ವಾಚು ನಡುಗಿದ್ದಾಗಲಿ, ಅದರೊಳಗಿನ ಅವನ ದನಿಯಾಗಲಿ ಯಾರಿಗೆ ತಿಳಿಯಬೇಕು? ಮೊದಲ ಕಾಯಿ ಫೋನು ಎತ್ತಿತು. ಕಾಳು ಜಾರಿ ಕೆಳಗೆ ಬಿತ್ತು. "ಅಯ್ಯಯ್ಯೋ ಶಿವನ!" ಎಂದೆ. ಎರಡನೆಯ ಕಾಯಿ ಫೋನು ಇಟ್ಟಿತು. ಅವನು ಮತ್ತೆ ಮಾಡಿದ. ಮೂರನೆಯದು ಹುಳುಕು ಕಾಯಿ. "ಯಪ್ಪಾ!" ಎಂದೆ. ನಾಲ್ಕನೆಯದು ಇಟ್ಟಿತು.

ಡಂಬಳದ ಹತ್ತಿರ ಮೋಟರ್‌ಸೈಕಲ್ಲೊಂದು ಬಸ್ಸಿಗೆ ಅಡ್ಡ ಬಂದು ನಿಂತಿತು. ನಿಮ್ಮಪ್ಪ!

"ನಮ್ಮವ್ವಗ ಏನಾತ್ರೀ?"

"ಏನೂ ಆಗಿಲ್ಲ ತಮ್ಮಾ," ಎಂದ ಕಂಡಕ್ಟರ್. "ಶೇಂಗಾ ಸಿಪ್ಪಿ ಒಗದು ನಮ್ಮ ಬಸ್ ಹೊಲಸ ಮಾಡ್ಯಾರ, ಅಷ್ಟ!"

ಇಡೀ ಬಸ್ಸು ನಕ್ಕಿತು. ನಾನು ಮೂಗಿನವರೆಗೆ ಸೆರಗೆಳೆದುಕೊಂಡೆ.

"ಇಳಿ ಅವ್ವಾ, ಮನಿಗೆ ಹೋಗೂಣು."

ಇಳಿದರೆ ಮುಗಿಯಿತು, ಮತ್ತೆಂದೂ ನನ್ನನ್ನು ಒಬ್ಬಳೇ ಬಿಡುವುದಿಲ್ಲ. "ಇಳಿಯಂಗಿಲ್ಲ! ಫೋನ್ ಹಚ್ಚು!" ಎಂದೆ. ಅಷ್ಟು ಮಂದಿಯ ನಡುವೆ ಆ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ!

ಅವನು ಹಚ್ಚಿದ. ಕೈ ಜಾಡಿಸಿ ಮುಷ್ಟಿ ಹಿಡಿದೆ. ಒಂದು, ಎರಡು.

"ಹಲೋ, ಯಾರ್ರೀ?"

ಬಸ್ಸಿನ ತುಂಬ ಚಪ್ಪಾಳೆ! ಕಂಡಕ್ಟರ್ ಸೀಟಿ ಊದಿದ. ಮಗ ಸೋತ.

"ಹೋಗಿ ಬಾ ಅವ್ವಾ. ಆದ್ರ ಶೇಂಗಾ ಮುಟ್ಟಬ್ಯಾಡ."

ಹಮ್ಮಿಗಿಯಲ್ಲಿ ತಂಗಿಗೆ ನನ್ನ ಪರಾಕ್ರಮವನ್ನು ಬಣ್ಣಿಸುತ್ತಿರುವಾಗಲೇ ವಾಚು ನಡುಗಿತು. ಠೀವಿಯಿಂದ ಮುಷ್ಟಿ ಹಿಡಿದು "ಹಲೋ" ಎಂದೆ. ತಂಗಿ ಬಾಯಿ ತೆರೆದು ನೋಡಿದಳು.

"ಅವ್ವಾ, ನಾವೆಲ್ಲಾ ಹೊರಗ ಕಟ್ಟಿ ಮ್ಯಾಲೆ ಕುಂತೇವಿ. ಮನಿ ಕೀಲಿಕೈ ಎಲ್ಲಿಟ್ಟಿ?"

ಸೊಂಟ ಮುಟ್ಟಿ ನೋಡಿಕೊಂಡೆ. ಅಲ್ಲೇ ಇತ್ತು!

ಎರಡು ಸಲ ಮುಷ್ಟಿ ಹಿಡಿದು ಫೋನು ಇಟ್ಟುಬಿಟ್ಟೆ.