ನಮ್ಮ ಬಾಸ್ಕೆಟ್‌ಬಾಲ್ ತಂಡದ ಸೌಜನ್ಯವನ್ನು ಕುರಿತು

ಮೈಸೂರು, ಫೆಬ್ರವರಿ ೧೯೩೭

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ನಾಯಕರೂ, ಸೋಲಿನಲ್ಲಿಯೂ ಕ್ರಾಪು ಕೆದರದವರೂ ಆದ ಶ್ರೀಮಾನ್ ದೊರೆಸ್ವಾಮಿಯವರ ಸನ್ನಿಧಾನಕ್ಕೆ, ಸೀನಿಯರ್ ಬಿ.ಎ. ತರಗತಿಯ ಡೊರೊತಿಯ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ದಸರಾ ರಜೆ ಮುಗಿದ ವಾರದಲ್ಲಿ ನಾವು ಐವರು ವಿದ್ಯಾರ್ಥಿನಿಯರು, ಶನಿವಾರದ ಮಧ್ಯಾಹ್ನ ಆಟದ ಅಂಗಳವನ್ನು ನಮಗೆ ಬಿಟ್ಟುಕೊಡಬೇಕೆಂದು ಪ್ರಿನ್ಸಿಪಾಲರನ್ನು ಕೇಳಿಕೊಂಡದ್ದೂ, ನಾಯಕರು ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲವೆಂದು ಅವರು ಹೇಳಿದ್ದೂ, ಆ ಮಾತು ಹಿಡಿದು ಬಂದ ನಮಗೆ ತಾವು ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ಮೊದಲು ಈ ವರ್ಷದ ನಮ್ಮ ಪಂದ್ಯಗಳನ್ನೆಲ್ಲ ನೋಡಿ ಕಣ್ರಮ್ಮ, ಆಟ ಅಂದ್ರೆ ಏನೂಂತ ತಿಳಿದ ಮೇಲೆ ಮಾತಾಡೋಣ” ಎಂದು ಅಪ್ಪಣೆ ಕೊಡಿಸಿದ್ದೂ ತಮ್ಮ ನೆನಪಿನಲ್ಲಿರಬಹುದು. ಪರೀಕ್ಷೆಯ ಫಲಿತಾಂಶದ ಹಾಳೆಯಲ್ಲಿ ಮೊದಲನೆಯ ಸಾಲಿನಿಂದಾಚೆಗೆ ಓದುವ ಅಗತ್ಯ ನನಗೆ ಬಂದಿಲ್ಲವಾದ್ದರಿಂದ ಅಲ್ಲಿ ತಮ್ಮ ಹೆಸರನ್ನು ಕಂಡವಳಲ್ಲ; ಆದರೂ ಕಲಿಸುವವರ ಮಾತನ್ನು ಮೀರಬಾರದೆಂದು ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತು ಎಲ್ಲವನ್ನೂ ನೋಡಿದೆವು.

ಮೊದಲ ಪಂದ್ಯದಲ್ಲಿಯೇ ತಿಳಿದದ್ದು, ಇದು ಒರಟರ ಆಟವಲ್ಲವೆಂಬುದು. ಚೆಂಡು ಕೈಗೆ ಬಂದೊಡನೆ ತಾವು ಅದನ್ನು ಪಕ್ಕದವರಿಗೆ ನೀಡುವುದು, ಅವರು ಸಂಕೋಚದಿಂದ ಮತ್ತೊಬ್ಬರಿಗೆ ಒಪ್ಪಿಸುವುದು, ಹೀಗೆ ನಿಮ್ಮೈವರಲ್ಲಿ ಉಪಚಾರ ನಡೆಯುತ್ತಿರುವಾಗ ಎದುರು ತಂಡದವರು ಬಂದು ಎಲ್ಲರ ಮುಜುಗರವನ್ನೂ ತಪ್ಪಿಸುವುದು ಬಹಳ ಸೊಗಸಾಗಿತ್ತು. ಎರಡನೆಯ ಪಂದ್ಯದಲ್ಲಿ ತಾವೇ ಗುರಿಯಿಟ್ಟು ಎಸೆದ ಚೆಂಡು ಕಾಂಪೌಂಡು ಹಾರಿ ಮಹದೇವಮ್ಮನವರ ಹಿತ್ತಿಲಿನಲ್ಲಿ ಒಣಗುತ್ತಿದ್ದ ಹಪ್ಪಳದ ಮೇಲೆ ಬಿದ್ದಿತು. ಆ ವೃದ್ಧೆ ಗೋಡೆಯ ಮೇಲಿಂದ ಇಣುಕಿ, “ಕಂಬದ ಮೇಲೆ ಅಷ್ಟು ದಪ್ಪ ಕಬ್ಬಿಣದ ಬಳೆ ಕಟ್ಟಿದಾರಲ್ಲಪ್ಪ, ಅದು ಕಾಣ್ಸಲ್ವಾ? ನನ್ನ ಹಪ್ಪಳಾನೇ ಬೇಕಾಗಿತ್ತಾ?” ಎಂದು ಕೇಳಿದಾಗ ತಾವು ತಲೆ ಬಾಗಿಸಿ ಕೈಮುಗಿದ ರೀತಿಯನ್ನು ಕಂಡು ನಮ್ಮ ಕಣ್ಣು ತುಂಬಿ ಬಂದಿತು. ನಕ್ಕದ್ದರಿಂದಲ್ಲವೆಂದು ನಂಬಬೇಕಾಗಿ ಪ್ರಾರ್ಥನೆ.

ಉಳಿದ ಸೋಲುಗಳನ್ನು ಹೊಗಳಲು ಸ್ಥಳ ಸಾಲದು. ಆದರೆ ಕಳೆದ ವಾರದ ಕೊನೆಯ ಪಂದ್ಯವನ್ನು ಹೇಳದಿದ್ದರೆ ಅಪಚಾರವಾದೀತು. ಅಂದು ನಾವು ಗೆಲ್ಲುವುದರಲ್ಲಿದ್ದೆವು. ಸೀಟಿ ಊದುವ ಹೊತ್ತು; ನಮ್ಮ ತಂಡದಲ್ಲೆಲ್ಲ ಎತ್ತರದವರಾದ ಲಕ್ಷ್ಮೀನರಸಿಂಹರ ಕೈಯಲ್ಲಿ ಚೆಂಡು, ತಲೆಯ ಮೇಲೆಯೇ ಬಳೆ, ಅಡ್ಡ ನಿಂತಿದ್ದವರು ಎದುರು ಕಾಲೇಜಿನ ಕೃಷ್ಣಸ್ವಾಮಿಗಳೊಬ್ಬರೇ. ಈ ಕೃಷ್ಣಸ್ವಾಮಿಗಳಿಗೂ ಲಕ್ಷ್ಮೀನರಸಿಂಹರ ತಂಗಿಗೂ ಹಿಂದಿನ ಭಾನುವಾರವಷ್ಟೇ ನಿಶ್ಚಿತಾರ್ಥವಾಗಿತ್ತು. ಭಾವೀ ಅಳಿಯನಿಗೆ ಮೊಣಕೈ ತಗುಲಿದರೆ ಬೀಗರು ಏನೆಂದುಕೊಂಡಾರು? ಹೆಣ್ಣಿನ ಕಡೆಯವರಾದ ಅವರು ಒಂದು ಹೆಜ್ಜೆ ಹಿಂದೆ ಸರಿದು, “ಭಾವನವರು ತಗೊಳ್ಳಿ” ಎಂದು ಚೆಂಡನ್ನು ಎರಡೂ ಕೈಯಲ್ಲಿ ನೀಡಿದರು. ತಾಂಬೂಲದ ತಟ್ಟೆಯೊಂದು ಮಾತ್ರ ಇರಲಿಲ್ಲ. ಭಾವನವರು ತೆಗೆದುಕೊಂಡರು, ಓಡಿದರು, ಗೆದ್ದರು.

ಆದುದರಿಂದ ಮುಂದಿನ ವರ್ಷ ಪಂದ್ಯವನ್ನು ಗೊತ್ತುಮಾಡುವ ಮುನ್ನ ಎದುರು ತಂಡದ ಐವರ ಕುಲಗೋತ್ರಗಳನ್ನೂ ಸಂಬಂಧಗಳನ್ನೂ ವಿಚಾರಿಸಬೇಕೆಂದೂ, ಸಾಧ್ಯವಾದರೆ ಮದುವೆಯಾಗುವ ಉದ್ದೇಶವಿಲ್ಲದ ಸನ್ಯಾಸಿಗಳ ತಂಡವೊಂದನ್ನು ಹುಡುಕಿಸಬೇಕೆಂದೂ, ಬಳೆಯನ್ನು ಮಹದೇವಮ್ಮನವರ ಹಿತ್ತಿಲಿಗೇ ಸ್ಥಳಾಂತರಿಸಬೇಕೆಂದೂ ಸವಿನಯವಾಗಿ ಸೂಚಿಸುತ್ತೇನೆ.

ಇನ್ನು ನಮ್ಮ ವಿಷಯ. ಹುಡುಗಿಯರ ಕೊಠಡಿಯ ಹಿಂದಿನ ಸಂಪಿಗೆ ಮರಕ್ಕೆ ತಳ ಕಿತ್ತ ಕುಕ್ಕೆಯೊಂದನ್ನು ಕಟ್ಟಿ, ಬಟ್ಟೆಯ ಚೆಂಡಿನಲ್ಲಿ ಈ ಚಳಿಗಾಲವೆಲ್ಲ ನಾವು ಆಡಿದ್ದೇವೆ. ಕುಕ್ಕೆ ಈಗ ಹರಿದಿದೆ. ಬೇಸಿಗೆಗೆ ನಾನು ಕಾಲೇಜು ಬಿಡುವವಳು. ಪದಕಗಳು ಮನೆಯಲ್ಲಿವೆ, ಅವುಗಳ ಚಿಂತೆಯಿಲ್ಲ. ಹೋಗುವ ಮುನ್ನ ಆ ಕಬ್ಬಿಣದ ಬಳೆಯೊಳಗೆ ನನ್ನ ಕೈಯಿಂದ ಒಂದು ನಿಜವಾದ ಚೆಂಡು ಇಳಿಯುವುದನ್ನು ನೋಡಬೇಕೆಂಬ ಆಸೆ ಮಾತ್ರ, ಎಷ್ಟು ಓದಿದರೂ ಹೋಗಲಿಲ್ಲ.

ತಾವು ಹೇಳಿದಂತೆ ನೋಡಿದ್ದಾಯಿತು, ತಿಳಿದದ್ದೂ ಆಯಿತು. ಶನಿವಾರದ ಅಂಗಳವನ್ನು ದಯಪಾಲಿಸಬೇಕು. ಮನಸ್ಸು ಬಾರದಿದ್ದರೆ ಬರುವ ಶನಿವಾರ ತಮ್ಮ ಐವರು ನಮ್ಮ ಐವರೊಡನೆ ಒಂದು ಪಂದ್ಯವಾಡಲಿ. ತಾವು ಗೆದ್ದರೆ ಅಂಗಳದ ಮಾತನ್ನು ನಾವು ಮತ್ತೆಂದೂ ಎತ್ತುವುದಿಲ್ಲ.

ತಮ್ಮ ಪ್ರತಿಯೊಂದು ಸೋಲಿಗೂ ಕೊಡೆ ಹಿಡಿದು ಸಾಕ್ಷಿಯಾದ,
ತಮ್ಮ ವಿಶ್ವಾಸಿ,
ಡೊರೊತಿ

ಮರೆತ ಮಾತು: ಪಂದ್ಯಕ್ಕೆ ಒಪ್ಪುವ ಮುನ್ನ ಲಕ್ಷ್ಮೀನರಸಿಂಹರನ್ನು ಒಮ್ಮೆ ಕೇಳುವುದು ಒಳ್ಳೆಯದು. ನಮ್ಮ ಕಡೆಯಿಂದ ಅವರಿಗೆ ಎದುರಾಗಿ ನಿಲ್ಲುವ ಅಂಬುಜಾ, ಕೃಷ್ಣಸ್ವಾಮಿಗಳ ಒಡಹುಟ್ಟಿದ ತಂಗಿ. ಮದುವೆ ವೈಶಾಖದಲ್ಲಿ, ಬೀಗರ ಮನೆಯವರ ಮನಸ್ಸನ್ನು ಅಲ್ಲಿಯವರೆಗೂ ನೋಯಿಸಲಾರರೆಂದು ನಂಬಿದ್ದೇವೆ.